ಹೆಸರನ್ನು ಕೊನೆಗೆ ಓದು

"ಲಾಟ್ ನಲವತ್ತೇಳು. ಒಂದನೇ ಸಲ!"

ಸುತ್ತಿಗೆ ಮೇಲೆದ್ದಿತು. ಕೊನೆಯ ಸಾಲಿನಲ್ಲಿ ಕೂತಿದ್ದ, ಜನ ಭೂತಗನ್ನಡಿ ಎಂದೇ ಕರೆಯುವ ಮನುಷ್ಯನಿಗೆ ಅದು ತನ್ನ ನೆತ್ತಿಯ ಮೇಲೇ ಎದ್ದಂತಾಯಿತು. ಅವನು ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿದ. ಇನ್ಸ್‌ಪೆಕ್ಟರ್ ಮೇಡಂ ಫೋನಿನಲ್ಲಿ "ಹತ್ತೇ ನಿಮಿಷ" ಎಂದು ಮುಕ್ಕಾಲು ಗಂಟೆಯಾಗಿತ್ತು. ಪೊಲೀಸರ ಹತ್ತು ನಿಮಿಷವನ್ನು ಯಾವ ಗಡಿಯಾರದಲ್ಲಿ ಅಳೆಯುತ್ತಾರೋ ಯಾರಿಗೆ ಗೊತ್ತು.

"ಎರಡನೇ ಸಲ!"

ವೇದಿಕೆಯ ಪಕ್ಕದ ಪರದೆಯ ಮೇಲೆ ಆ ಪದಕ ಊಟದ ತಟ್ಟೆಯಷ್ಟು ಅಗಲವಾಗಿ ಕಾಣುತ್ತಿತ್ತು. ದುಂಡನೆಯ ಬೆಳ್ಳಿ ಪದಕ, ಯಾವುದೋ ಹಳೆಯ ಯುದ್ಧದಲ್ಲಿ ಎದೆಗಾರಿಕೆ ತೋರಿಸಿದ ಸಿಪಾಯಿಗೆ ಕೊಟ್ಟದ್ದು. ಅದರ ಎಡ ಅಂಚಿನಲ್ಲಿ, ಗಡಿಯಾರದಲ್ಲಿ ಎಂಟು ಗಂಟೆ ಇರುವ ಜಾಗದಲ್ಲಿ, ಸಾಸಿವೆಕಾಳಿನಷ್ಟು ಒಂದು ತಗ್ಗು. ಇಡೀ ಸಭಾಂಗಣದಲ್ಲಿ ಆ ತಗ್ಗನ್ನು ನೋಡುತ್ತಿದ್ದವನು ಇವನೊಬ್ಬನೇ.

ಅದು ಭಾವನ ಪದಕ. ಭಾವ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕ ದಿನ ಬೀರುವಿನಿಂದ ಮಾಯವಾದ ಪದಕ. ಅದನ್ನು ಒಯ್ದ ಹೊರಗಿನವನೊಬ್ಬ ಇದ್ದಾನೆಂದು ತೋರಿಸದಿದ್ದರೆ, ಹನ್ನೆರಡು ದಿನದಿಂದ ಪೊಲೀಸರ ವಶದಲ್ಲಿರುವ ಅಕ್ಕ ನಾಳೆ ಬೆಳಿಗ್ಗೆ ಗಂಡನನ್ನು ಕೊಂದವಳಾಗಿ ನ್ಯಾಯಾಧೀಶರ ಮುಂದೆ ನಿಲ್ಲುತ್ತಿದ್ದಳು.

"ನಿಲ್ಲಿಸಿ!" ಭೂತಗನ್ನಡಿ ಎದ್ದು ನಿಂತ. "ಅದು ಕದ್ದ ಮಾಲು!"

ಮುಂದಿನ ಸಾಲುಗಳ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಯಾರೋ ಕಿಸಕ್ಕನೆ ನಕ್ಕರು. ವೇದಿಕೆಯ ಮೇಲಿದ್ದ ಹರಾಜು ಮನೆಯ ಯಜಮಾನರ ಮುಖ ಕೆಂಪೇರಿತು.

"ಏನ್ರೀ ಭೂತಗನ್ನಡಿ, ನಿಮಗೆ ರಜೆ ಕೊಟ್ಟಿರೋದು ಮನೇಲಿ ಇರೋಕೆ. ಇಲ್ಲಿ ಬಂದು ನನ್ನ ಮರ್ಯಾದೆ ಹರಾಜು ಹಾಕೋಕಲ್ಲ. ಕೂತ್ಕೊಳ್ಳಿ."

ಇಪ್ಪತ್ತೆರಡು ವರ್ಷ ಆ ಹರಾಜು ಮನೆಗೆ ಬಂದ ಪದಕಗಳಿಗೆಲ್ಲ ಬೆಲೆ ಕಟ್ಟಿದವನು ಅವನು. ಕಣ್ಣಿಗೆ ಸದಾ ಭೂತಗನ್ನಡಿ ಅಂಟಿಸಿಕೊಂಡೇ ಇರುತ್ತಿದ್ದುದರಿಂದ ಜನ ಆ ಹೆಸರಿಟ್ಟು, ಕೊನೆಗೆ ಸಂಬಳದ ಚೀಟಿ ಬರೆಯುವವನು ಕೂಡ ಒಂದು ಗಳಿಗೆ ಯೋಚಿಸಿ ನಿಜವಾದ ಹೆಸರು ಬರೆಯುವ ಹಾಗಾಗಿತ್ತು. ಅಕ್ಕನನ್ನು ಪೊಲೀಸರು ಕರೆದುಕೊಂಡು ಹೋದ ಮರುದಿನವೇ ಯಜಮಾನರು ಅವನಿಗೆ ರಜೆ ಕೊಟ್ಟಿದ್ದರು. "ಗಿರಾಕಿಗಳು ಮಾತಾಡ್ಕೋತಾರೆ" ಎನ್ನುವುದು ಕಾರಣ.

ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗಳು ಅವನ ತೋಳು ಹಿಡಿದು ಜಗ್ಗಿದಳು. "ಮಾಮ, ಬೇಡ. ಎಲ್ಲರೂ ನೋಡ್ತಿದಾರೆ. ಮನೆಗೆ ಹೋಗೋಣ ಬಾ."

ಪಾಪ, ಅಪ್ಪ ಸತ್ತು, ಅಮ್ಮ ಒಳಗೆ ಹೋಗಿ, ಹುಡುಗಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಅಂದಿನಿಂದ ಇವನ ಮನೆಯಲ್ಲೇ ಇದ್ದಳು. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನ ಕೆಲಸಕ್ಕೂ ಹೋಗದೆ ಮಾಮನ ಅಡುಗೆ, ಮಾಮನ ಬಟ್ಟೆ, ಕೊನೆಗೆ ಮಾಮನ ಶೂ ಪಾಲಿಷ್ ಕೂಡ ತಾನೇ ಮಾಡುತ್ತಿದ್ದಳು. ಬೆಳಿಗ್ಗೆ "ನಾನೂ ಬರ್ತೀನಿ" ಎಂದು ಹಟ ಹಿಡಿದು ಬಂದಿದ್ದಳು. ತೊಡೆಯ ಮೇಲೆ ಹರಾಜಿನ ಪಟ್ಟಿ ಇಟ್ಟುಕೊಂಡು ಒಂದೊಂದು ಲಾಟಿನ ಮುಂದೆಯೂ ಹೋದ ಬೆಲೆ ಬರೆಯುತ್ತಿದ್ದಳು. ಎಡಗೈಯಲ್ಲಿ ಬರೆಯುವವರ ಪಾಡು ಗೊತ್ತಲ್ಲ, ಬರೆದದ್ದನ್ನೆಲ್ಲ ಅಂಗೈ ಒರೆಸಿಕೊಂಡು ಹೋಗುತ್ತದೆ. ಅವಳ ಕೈಯಂಚು ಶಾಯಿ ಮೆತ್ತಿ ನೀಲಿಯಾಗಿತ್ತು. ನಲವತ್ತೇಳರ ಮುಂದೆ ಮಾತ್ರ ಏನೂ ಬರೆದಿರಲಿಲ್ಲ.

"ನಿಮ್ಮಮ್ಮನ್ನ ಬಿಡಿಸೋಕೆ ಇರೋದು ಇದೊಂದೇ ದಾರಿ ಕಣೆ," ಅಂದ ಭೂತಗನ್ನಡಿ.

"ಮೂರನೇ..." ಎಂದರು ಯಜಮಾನರು.

"ಸುತ್ತಿಗೆ ಕೆಳಗಿಡಿ."

ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದರು. ನಲವತ್ತರ ಆಸುಪಾಸಿನ, ಗಟ್ಟಿಯಾಗಿ ಮಾತಾಡುವ ಅಗತ್ಯವೇ ಇಲ್ಲದ ಹೆಂಗಸು. ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಸುತ್ತಿಗೆ ಶಬ್ದವಿಲ್ಲದೆ ಮೇಜಿಗೆ ಇಳಿಯಿತು.

* * *

ಪದಕ ನೋಡುವ ಕೋಣೆಗೆ ಕಿಟಕಿಯಿಲ್ಲ. ಹಸಿರು ಬಟ್ಟೆ ಹೊದೆಸಿದ ಒಂದು ಮೇಜು, ಬಗ್ಗಿಸಬಹುದಾದ ದೀಪ, ಚಿನ್ನದಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿ, ಬಿಳಿ ಹತ್ತಿಯ ಕೈಗವಸುಗಳು, ಮತ್ತು ಭೂತಗನ್ನಡಿಯ ಹಳೆಯ ಕುರ್ಚಿ. ಕುರ್ಚಿಯ ದಿಂಬು ಇನ್ನೂ ಅವನ ಆಕಾರದಲ್ಲೇ ತಗ್ಗಾಗಿತ್ತು. ರಜೆ ಅವನಿಗೇ ಹೊರತು ಅದಕ್ಕೆ ಯಾರೂ ಕೊಟ್ಟಿರಲಿಲ್ಲ.

"ಅರ್ಧ ಗಂಟೆ," ಅಂದರು ಇನ್ಸ್‌ಪೆಕ್ಟರ್. "ಅಷ್ಟರೊಳಗೆ ಇದು ನಿಮ್ಮ ಭಾವನದೇ ಅಂತ ನನಗೆ ತೋರಿಸಿ. ನಿಮ್ಮ ಕಣ್ಣಿಗೆ ಕಂಡ್ರೆ ಸಾಲದು, ನನ್ನ ಕಣ್ಣಿಗೂ ಕಾಣಬೇಕು."

"ಇದೇನು ಹುಡುಗಾಟ ಮೇಡಂ?" ಯಜಮಾನರು ಬಾಗಿಲಿಗೆ ಅಡ್ಡ ನಿಂತೇ ಗೊಣಗಿದರು. "ಪದಕ ಅಂದ್ರೆ ಅದರ ಅಂಚಿನ ಮೇಲೆ ಸಿಪಾಯಿಯ ನಂಬರು, ಹೆಸರು ಕೆತ್ತಿರ್ತಾರೆ. ಅದೇ ಅದರ ಜಾತಕ. ಇದರ ಅಂಚಿನಲ್ಲಿರೋ ಹೆಸರು ಇವರ ಭಾವನ ತಂದೆಯದಲ್ಲ. ಯಾರೋ ಬೇರೆಯವರದು. ನಾನೇ ಓದಿದೀನಿ."

"ಕಳಿಸಿದ್ದು ಯಾರು?"

"ಮೂರು ದಿನದ ಹಿಂದೆ ಲಕೋಟೆಯಲ್ಲಿ ಬಂತು. ಬಾಗಿಲ ಪಕ್ಕದ ಡಬ್ಬಿಗೆ ಹಾಕಿ ಹೋಗಿದಾರೆ. ವಿಳಾಸ ಇತ್ತು, ಅದಕ್ಕೇ ಪಟ್ಟಿಯ ಕೊನೇಲಿ ಸೇರಿಸಿದೆ."

"ನಿಮ್ಮ ಗುಮಾಸ್ತರು ಫೋನಲ್ಲಿ ಕೊಟ್ಟ ಆ ವಿಳಾಸಕ್ಕೆ ಹೋಗೇ ನಾನು ತಡವಾಗಿದ್ದು," ಅಂದರು ಇನ್ಸ್‌ಪೆಕ್ಟರ್. "ಅಲ್ಲಿರೋದು ಪೆಟ್ರೋಲ್ ಬಂಕು."

ಯಜಮಾನರು ಬಾಗಿಲು ಬಿಟ್ಟು ಗೋಡೆಗೆ ಒರಗಿದರು. ಆ ಸಂದಿನಲ್ಲಿ ಅಕ್ಕನ ಮಗಳೂ ಒಳಗೆ ಬಂದು ಮೂಲೆಯಲ್ಲಿ ನಿಂತಳು.

"ಇವರು?"

"ಅಕ್ಕನ ಮಗಳು. ಇರಲಿ ಬಿಡಿ ಮೇಡಂ. ಅವಳಮ್ಮನ ವಿಷಯ ತಾನೆ."

ಇನ್ಸ್‌ಪೆಕ್ಟರ್ ರಟ್ಟಿನ ಪೆಟ್ಟಿಗೆ ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಭಾವನ ಮನೆಯ ಬೀರುವಿನಲ್ಲಿ ಸಿಕ್ಕ ಹಿತ್ತಾಳೆ ಪಟ್ಟಿ, ಅದಕ್ಕೆ ಬಣ್ಣದ ರಿಬ್ಬನ್ನುಗಳಲ್ಲಿ ತೂಗುಬಿದ್ದ ಮೂರು ಪದಕ. ಎರಡನೆಯದಕ್ಕೂ ಕೊನೆಯದಕ್ಕೂ ನಡುವೆ ಖಾಲಿ ಜಾಗ; ಬಾಯೊಳಗೆ ಒಂದು ಹಲ್ಲು ಉದುರಿದಂತೆ. ಅಲ್ಲಿಯ ರಿಬ್ಬನ್ನನ್ನು ಯಾರೋ ಚೊಕ್ಕವಾಗಿ ಕತ್ತರಿಸಿದ್ದರು.

ಭಾವನಿಗೆ ಈ ನಾಲ್ಕು ಪದಕಗಳೆಂದರೆ ಪ್ರಾಣ. ಮನೆ ತುಂಬ ಊರವರ ಪದಕ ಕೊಂಡು ಗುಡ್ಡೆ ಹಾಕಿದ್ದರೂ ಈ ನಾಲ್ಕು ಮಾತ್ರ ಸ್ವಂತ ಅಪ್ಪನವು. ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು ತಂದ ಅಪ್ಪ. ಬದುಕಿರುವವರೆಗೂ, ನಿವೃತ್ತ ಸೈನಿಕರ ಸಾಲು ಎಲ್ಲಿ ನಡೆದರೂ ಆ ಮನುಷ್ಯ ಈ ಪಟ್ಟಿಯನ್ನು ಎದೆಗೆ ಸಿಕ್ಕಿಸಿಕೊಂಡು ನಡೆದಿದ್ದ. ನಲವತ್ತು ವರ್ಷ ನಡೆದ ಆ ನಡಿಗೆಯೇ ಈಗ ಅಕ್ಕನನ್ನು ಕಾಪಾಡಬೇಕಿತ್ತು.

ಭೂತಗನ್ನಡಿ ಕೈಗವಸು ಹಾಕಿಕೊಂಡು ಬೆಳ್ಳಿ ಪದಕ ಎತ್ತಿಕೊಂಡ.

"ಹೆಸರು ಓದಿ ಮೊದಲು," ಅಂದರು ಯಜಮಾನರು.

"ಇಲ್ಲ. ಹೆಸರು ಕೊನೆಗೆ."

ಅದು ಅವನ ಅಪ್ಪ ಹಾಕಿಕೊಟ್ಟ ಪಾಠ. ಅಪ್ಪನದು ಬೀದಿ ಮೂಲೆಯಲ್ಲಿ ಕೆತ್ತನೆಯ ಅಂಗಡಿ: ಬಹುಮಾನದ ಕಪ್ಪು, ಬಾಗಿಲ ಫಲಕ, ಪದಕ, ಎಲ್ಲದರ ಮೇಲೂ ಹೆಸರು ಕೆತ್ತುತ್ತಿದ್ದ. ಇಬ್ಬರು ಮಕ್ಕಳಲ್ಲಿ ಉಳಿಯನ್ನು ಅಕ್ಕನ ಕೈಗಿಟ್ಟ, ಗಾಜನ್ನು ಇವನ ಕೈಗಿಟ್ಟ. "ಹೆಸರು ಓದಿದ ಮೇಲೆ ಕಣ್ಣು ಹೆಸರಿನ ಮಾತನ್ನೇ ಕೇಳತ್ತೆ ಮಗ. ಮುಖ ನೋಡು, ಬೆನ್ನು ನೋಡು, ತೂಗು, ಅಳೆ, ಗಾಯ ಹುಡುಕು. ಹೆಸರನ್ನು ಕೊನೆಗೆ ಓದು" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವನು ಆ ಪಾಠ ಮುರಿದಿರಲಿಲ್ಲ. ಇವತ್ತೊಂದು ದಿನ ಮುರಿದಿದ್ದರೆ ಏನಾಗುತ್ತಿತ್ತು ಎನ್ನುವುದು ಆಮೇಲಿನ ಮಾತು.

ಅವನು ಅಳತೆಯ ಇಕ್ಕಳದ ನಡುವೆ ಪದಕವನ್ನು ಹಿಡಿದ.

"ಮೇಡಂ, ಇಲ್ನೋಡಿ. ಈ ಜಾತಿಯ ಪದಕ ಎಲ್ಲವೂ ಒಂದೇ ಅಚ್ಚಿನವು. ಅಡ್ಡಗಲ ಮೂವತ್ತಾರು ಮಿಲಿಮೀಟರ್ ಇರಬೇಕು. ಇದು ಎಷ್ಟಿದೆ?"

ಇನ್ಸ್‌ಪೆಕ್ಟರ್ ಬಗ್ಗಿ ಓದಿದರು. "ಮೂವತ್ತೈದೂವರೆ."

"ಅರ್ಧ ಮಿಲಿಮೀಟರ್ ಬೆಳ್ಳಿ ಎಲ್ಲಿ ಹೋಯ್ತು? ಹೆಸರು ಅಳಿಸೋಕೆ ಅಂಚನ್ನ ಸುತ್ತಲೂ ಅರದಿಂದ ತಿಕ್ಕಿದಾರೆ. ಬೋಳಾದ ಅಂಚಿನ ಮೇಲೆ ಬೇರೆ ಹೆಸರು ಕೂರಿಸಿದಾರೆ. ಯಜಮಾನ್ರೇ, ನಾನಿದ್ದಿದ್ರೆ ಇದು ಪಟ್ಟಿಗೇ ಸೇರ್ತಿರ್ಲಿಲ್ಲ."

"ನೀವಿದ್ದಿದ್ರೆ, ನೀವಿದ್ದಿದ್ರೆ..." ಯಜಮಾನರು ಗೋಡೆಯ ಕಡೆ ನೋಡಿದರು.

"ಹೆಸರು ತಿದ್ದಿದಾರೆ, ಒಪ್ಪಿದೆ," ಅಂದರು ಇನ್ಸ್‌ಪೆಕ್ಟರ್. "ನಿಮ್ಮ ಭಾವನದು ಅನ್ನೋದಕ್ಕೆ?"

ಭೂತಗನ್ನಡಿಗೆ ಹನ್ನೆರಡು ದಿನದಲ್ಲಿ ಮೊದಲ ಸಲ ಸ್ವಲ್ಪ ಉಸಿರು ಬಂತು. ತನಗೆ ಗೊತ್ತಿರುವ ಕೆಲಸ ಮಾಡುವಾಗ ಮನುಷ್ಯನಿಗೆ ದುಃಖವೂ ಒಂದು ಹೆಜ್ಜೆ ಹಿಂದೆ ನಿಲ್ಲುತ್ತದೆ.

"ಪದಕ ಎದೆ ಮೇಲೆ ಸುಮ್ನೆ ನೇತಾಡಲ್ಲ ಮೇಡಂ. ಹೆಜ್ಜೆ ಹಾಕಿದಾಗೆಲ್ಲ ಪಕ್ಕದ್ದಕ್ಕೆ ಬಡಿಯತ್ತೆ. ಬೆಳ್ಳಿ ಮೆತ್ತಗೆ, ಕಂಚು ಗಟ್ಟಿ. ವರ್ಷಗಟ್ಟಲೆ ಜೊತೇಲಿದ್ರೆ ಗಂಡ ಹೆಂಡ್ತಿ ಥರ, ಒಬ್ಬರ ಗಾಯ ಇನ್ನೊಬ್ಬರ ಮೈಮೇಲೆ ಇರತ್ತೆ."

ಅವನು ಪಟ್ಟಿಯನ್ನು ಹಸಿರು ಬಟ್ಟೆಯ ಮೇಲೆ ಚಾಚಿ, ದೀಪವನ್ನು ಓರೆಯಾಗಿ ಬಗ್ಗಿಸಿದ. ಎರಡನೆಯ ಪದಕ ದುಂಡಲ್ಲ, ಆರು ಮೂಲೆಯ ಕಂಚಿನ ನಕ್ಷತ್ರ. ಅದರ ಕೆಳಗಿನ ಒಂದು ಮೂಲೆ ಮೊದಲಿನಿಂದಲೂ ಸ್ವಲ್ಪ ಸೊಟ್ಟ. ಭಾವನ ಅಪ್ಪ ಒಮ್ಮೆ ಬಿದ್ದಾಗ ಬಾಗಿದ್ದಂತೆ. ಖಾಲಿ ಜಾಗಕ್ಕೆ ಬೆಳ್ಳಿ ಪದಕವನ್ನು ತಂದು, ರಿಬ್ಬನ್ನಿನ ಉದ್ದಕ್ಕೆ ಸರಿಯಾಗಿ ಇಟ್ಟ. ಆಮೇಲೆ ನಕ್ಷತ್ರವನ್ನು ಬೆರಳ ತುದಿಯಿಂದ ಮೆಲ್ಲಗೆ ಅದರ ಕಡೆ ತಳ್ಳಿದ.

ಸೊಟ್ಟ ಮೂಲೆ ಸಾಸಿವೆಕಾಳಿನ ಆ ತಗ್ಗಿನೊಳಗೆ ಹೋಗಿ ಕೂತಿತು. ಬೀಗಕ್ಕೆ ಕೀ ಕೂತಂತೆ.

ಇನ್ಸ್‌ಪೆಕ್ಟರ್ ತಾವೇ ಗಾಜು ತೆಗೆದುಕೊಂಡು ನೋಡಿದರು. ನಕ್ಷತ್ರವನ್ನು ಹಿಂದಕ್ಕೆ ಎಳೆದು, ಮತ್ತೆ ತಳ್ಳಿ ನೋಡಿದರು. ಎರಡು ಸಲ, ಮೂರು ಸಲ. ಪ್ರತಿ ಸಲವೂ ಅದು ಅಲ್ಲಿಗೇ ಹೋಯಿತು.

"ಸೊಟ್ಟ ಮೂಲೆಗೆ ಸೊಟ್ಟ ತಗ್ಗು," ಅಂದರು. "ಇದಕ್ಕೆ ಸಾಕ್ಷಿ ಹೇಳೋಕೆ ನೀವು ಬೇಕಿಲ್ಲ, ನಾನೇ ಸಾಕು. ಪದಕ ನಿಮ್ಮ ಭಾವನದೇ."

ಭೂತಗನ್ನಡಿಯ ಕಣ್ಣು ತುಂಬಿ ಬಂತು. "ಹಾಗಾದ್ರೆ ಅಕ್ಕ..."

"ತಡೀರಿ. ಅವಸರ ಬೇಡ." ಇನ್ಸ್‌ಪೆಕ್ಟರ್ ಗಾಜು ಕೆಳಗಿಟ್ಟರು. "ಪದಕ ಹೊರಗೆ ಹೋಗಿದೆ, ಸರಿ. ನಿಮ್ಮಕ್ಕ ತಾವೇ ತೆಗೆದು, ಹೆಸರು ತಿದ್ದಿ, ಯಾರ ಕೈಲೋ ಕೊಟ್ಟಿರಬಹುದಲ್ಲ? ಮನೆ ಬಾಗಿಲು ಒಡೆದಿಲ್ಲ, ಬೀರು ಒಡೆದಿಲ್ಲ. ಮನೇಲಿದ್ದೋರು ಮೂರು ಜನ. ಒಬ್ಬರು ಸತ್ರು. ಈ ಹುಡುಗಿ ಲ್ಯಾಬಿನಲ್ಲಿದ್ದೆ ಅಂತಾಳೆ. ಉಳಿದವರು ನಿಮ್ಮಕ್ಕ. ಅವರು ಇಷ್ಟು ದಿನಕ್ಕೆ ಬಾಯಿಬಿಟ್ಟು ಹೇಳಿರೋದು ಒಂದೇ ಮಾತು."

ಆ ಮಾತು ಭೂತಗನ್ನಡಿಗೂ ಬಾಯಿಪಾಠವಾಗಿತ್ತು. "ಆವತ್ತು ಮನೇಲಿ ನಾನು ಒಬ್ಬಳೇ ಇದ್ದೆ." ವಕೀಲರು ಕೇಳಿದರೂ ಅದೇ, ತಮ್ಮ ಕೇಳಿದರೂ ಅದೇ. ಸದಾ ವಟವಟ ಎನ್ನುತ್ತಿದ್ದ ಅಕ್ಕನ ಬಾಯಿಗೆ ಏನಾಯಿತೆಂದು ಅವನು ಎಷ್ಟು ತಲೆ ಕೆಡಿಸಿಕೊಂಡರೂ ಹೊಳೆದಿರಲಿಲ್ಲ.

"ಎರಡರಲ್ಲಿ ಒಂದು ಹೇಳಿ," ಅಂದರು ಇನ್ಸ್‌ಪೆಕ್ಟರ್. "ಈ ಹೊಸ ಹೆಸರು ಕೆತ್ತಿದ್ದು ಯಾರು, ಇಲ್ಲಾ ಯಾವಾಗ. ನಿಮ್ಮಕ್ಕ ಅಲ್ಲ ಅಂತ ಗೊತ್ತಾದ್ರೆ, ನಾಳೆ ಹತ್ತು ಗಂಟೆಗೆ ನಾನೇ ಅವರನ್ನ ಬಿಡಿ ಅಂತ ಬರೆದು ಕೊಡ್ತೀನಿ."

"ಈಗ ಹೆಸರು ಓದ್ತೀನಿ," ಅಂದ ಭೂತಗನ್ನಡಿ.

ಅವನು ಪದಕವನ್ನು ಅಂಚಿನ ಮೇಲೆ ನಿಲ್ಲಿಸಿ, ಗಾಜನ್ನು ಕಣ್ಣಿಗೆ ಇಟ್ಟುಕೊಂಡು, ಮೆಲ್ಲಗೆ ಉರುಳಿಸತೊಡಗಿದ. ನಂಬರು. ಒಂದು ಚುಕ್ಕಿ. ಆಮೇಲೆ ಯಾವನೋ ಕೇಳರಿಯದ ಸಿಪಾಯಿಯ ಹೆಸರು. ಕೆತ್ತನೆ ಚೆನ್ನಾಗಿತ್ತು. ಕಳ್ಳ ಕೆತ್ತನೆ ಇಷ್ಟು ಚೆನ್ನಾಗಿರಬಾರದು ಎನ್ನುವಷ್ಟು ಚೆನ್ನಾಗಿತ್ತು.

ಮೂರನೆಯ ಅಕ್ಷರಕ್ಕೆ ಬಂದಾಗ ಅವನ ಬೆರಳು ನಿಂತಿತು.

ಅಕ್ಷರ ಮುಗಿಯುವ ಕಡೆ, ಉಳಿಯನ್ನು ಎತ್ತುವಾಗ, ಕೂದಲೆಳೆಯಷ್ಟು ಒಂದು ಬಾಲ. ಬೇಕೆಂದು ಬಿಟ್ಟದ್ದಲ್ಲ, ಕೈಯ ಚಾಳಿ. ಆ ಬಾಲವನ್ನು ಅವನು ಅಂಗಿ ಹಾಕಿಕೊಳ್ಳಲು ಬರದ ವಯಸ್ಸಿನಿಂದ ನೋಡಿದ್ದ. ಅಪ್ಪ ಕೆತ್ತಿದ ಒಂದೊಂದು ಅಕ್ಷರದಲ್ಲೂ ಅದು ಇರುತ್ತಿತ್ತು. ಅಪ್ಪ ಸತ್ತು ಹದಿನೆಂಟು ವರ್ಷ. ಆಮೇಲೆ ಆ ಬಾಲ ಬಿಡುವ ಕೈ ಜಗತ್ತಿನಲ್ಲಿ ಒಂದೇ ಒಂದು ಉಳಿದಿತ್ತು.

ಅಕ್ಕ.

ಬೇಡವೆಂದರೂ ಕೇಳದೆ ಪೊಲೀಸರನ್ನು ಕರೆಸಿ, ಹರಾಜು ನಿಲ್ಲಿಸಿ, ಪದಕ ಭಾವನದೇ ಎಂದು ಗಂಟಲು ಹರಿದುಕೊಂಡು ಸಾಧಿಸಿ, ಕೊನೆಗೆ ಅಕ್ಕನ ಕೊರಳಿಗೆ ತಾನೇ ಹಗ್ಗ ಬಿಗಿದನೇ? ಮೊದಲೇ ಹೆಸರು ಓದಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದ. ಅಪ್ಪನ ಪಾಠಕ್ಕೆ ಬೆಂಕಿ ಬೀಳಲಿ!

"ಏನಾದ್ರೂ ಕಾಣ್ತಿದೆಯಾ?"

"ನೋಡ್ತಿದೀನಿ ಮೇಡಂ. ಒಂದು ನಿಮಿಷ."

ಸುಮ್ಮನಿರಲಾರದ ಕೈಗೆ ಏನಾದರೂ ಕೆಲಸ ಬೇಕಿತ್ತು. ಮೇಜಿನ ಮೇಲಿದ್ದ ಮರದ ಹಲ್ಲುಕಡ್ಡಿ ತೆಗೆದು ಅಕ್ಷರದ ಗೆರೆಯೊಳಗೆ ಮೆಲ್ಲಗೆ ಆಡಿಸಿದ. ಹಳೆಯ ಪದಕದ ಅಕ್ಷರದಲ್ಲಿ ಹಳೆಯ ಕೊಳೆ ಇರುತ್ತದೆ, ಕಲ್ಲಿನಂತೆ ಗಟ್ಟಿ. ಕಳ್ಳರು ಆ ಕೊಳೆಗೆ ಬದಲು ಶೂ ಪಾಲಿಷ್ ತುಂಬುತ್ತಾರೆ. ಅದೂ ಒಂದು ವಾರಕ್ಕೆಲ್ಲ ಒಣಗಿ ಗಟ್ಟಿಯಾಗುತ್ತದೆ.

ಕಡ್ಡಿಯ ತುದಿಗೆ ಬಂದದ್ದು ಮೆತ್ತಗಿತ್ತು. ಬೆಣ್ಣೆಯಂತೆ ಅಂಟಿಕೊಂಡು ಬಂತು.

ಅಂದರೆ ಮೂರು ದಿನ. ಬಹಳವೆಂದರೆ ನಾಲ್ಕು. ಅಕ್ಕ ಒಳಗೆ ಹೋಗಿ ಹನ್ನೆರಡು ದಿನ!

ಅಕ್ಕ ಅಲ್ಲ. ಅಕ್ಕನ ಕೈಯೇ ಅಲ್ಲ ಇದು. ಭೂತಗನ್ನಡಿಗೆ ಎದ್ದು ಕುಣಿಯಬೇಕೆನಿಸಿತು. "ಮೇಡಂ," ಎಂದು ಬಾಯಿ ತೆರೆದ, ಕಡ್ಡಿಯನ್ನು ಎತ್ತಿ ಹಿಡಿದ. "ಮೇಡಂ, ಇದು..."

ಆಗ ಅವನ ಇನ್ನೊಂದು ಕಣ್ಣು, ಗಾಜಿನ ಹಿಂದೆಯೇ ಇದ್ದ ಕಣ್ಣು, ಆ ಬಾಲವನ್ನು ಮತ್ತೊಮ್ಮೆ ನೋಡಿತು.

ಅಪ್ಪನ ಬಾಲ ಬಲಕ್ಕೆ ಏಳುತ್ತಿತ್ತು. ಅಕ್ಕನದೂ ಬಲಕ್ಕೆ. ಇದು ಎಡಕ್ಕೆ ಎದ್ದಿತ್ತು. ಪ್ರತಿ ಅಕ್ಷರದಲ್ಲೂ ಎಡಕ್ಕೆ.

ಹದಿನೈದು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅವನ ಕಣ್ಣ ಮುಂದೆ ಬಂತು. ಅಕ್ಕನ ಮನೆಯ ಜಗಲಿ. ಅಕ್ಕನ ತೊಡೆಯ ಮೇಲೆ ಎರಡು ಜಡೆಯ ಹುಡುಗಿ, ಕೈಯಲ್ಲಿ ಅಜ್ಜನ ಉಳಿ, ಮುಂದೆ ಹಳೆಯ ಚಮಚ. "ಬಲಗೈಲಿ ಹಿಡಿ ಅಂದ್ರೆ ಕೇಳಲ್ಲ ಕಣೋ ಇವಳು," ಎಂದು ಅಕ್ಕ ನಗುತ್ತ ದೂರಿದ್ದಳು. "ಕೈ ಮಾತ್ರ ಥೇಟ್ ನಮ್ಮಪ್ಪನದು."

ಕಡ್ಡಿಯ ತುದಿಯ ಪಾಲಿಷ್ ಕಪ್ಪಾಗಿರಲಿಲ್ಲ. ಕೆಂಗಂದು ಬಣ್ಣ. ಭೂತಗನ್ನಡಿ ಮೇಜಿನ ಕೆಳಗೆ ತನ್ನ ಶೂಗಳನ್ನು ನೋಡಿದ. ಕೆಂಗಂದು, ಬೆಳಿಗ್ಗೆಯಷ್ಟೇ ಅವಳು ತಿಕ್ಕಿಕೊಟ್ಟ ಹೊಳಪು.

ಅವನು ತಲೆ ಎತ್ತಲಿಲ್ಲ. ಎತ್ತದಿದ್ದರೂ ಮೂಲೆಯಲ್ಲಿ ನಿಂತವಳ ಕೈಗಳು ಕಂಡವು. ಬಲಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಸುತ್ತಿದವನು ಅವನೇ, ನಾಲ್ಕು ದಿನದ ಹಿಂದೆ, ಅಡುಗೆಮನೆಯ ನಲ್ಲಿಯ ಕೆಳಗೆ ರಕ್ತ ತೊಳೆದು. "ತರಕಾರಿ ಹೆಚ್ಚುವಾಗ ಚಾಕು ತಾಗ್ತು ಮಾಮ," ಅಂದಿದ್ದಳು. ಆ ದಿನ ಮನೆಯಲ್ಲಿ ತರಕಾರಿಯೇ ಇರಲಿಲ್ಲ, ಸಂಜೆ ಇಬ್ಬರೂ ಬ್ರೆಡ್ಡು ತಿಂದು ಮಲಗಿದ್ದರು. ಎಡಗೈಯಲ್ಲಿ ಉಳಿ ಹಿಡಿದವರು ಬಲಗೈಯಲ್ಲಿ ಪದಕ ಹಿಡಿಯುತ್ತಾರೆ. ಉಳಿ ಜಾರಿದರೆ ಹೋಗುವುದು ಬಲ ಹೆಬ್ಬೆರಳಿಗೇ. ಅಪ್ಪನ ಎಡ ಹೆಬ್ಬೆರಳಿನ ತುಂಬ ಅಂಥ ಗಾಯಗಳಿದ್ದವು.

ತನ್ನ ಮನೆ. ತನ್ನ ಮೇಜು. ತನ್ನ ಪಾಲಿಷ್ ಡಬ್ಬಿ. ಊರಿನವರ ಪದಕದ ಮೇಲಿನ ಕೂದಲೆಳೆ ಗೀರು ಹುಡುಕಿದ ಕಣ್ಣಿಗೆ ಮನೆಯೊಳಗಿನ ಆನೆ ಕಂಡಿರಲಿಲ್ಲ.

"ಆವತ್ತು ಮನೇಲಿ ನಾನು ಒಬ್ಬಳೇ ಇದ್ದೆ." ಅಕ್ಕ ಯಾಕೆ ಅದೊಂದೇ ಮಾತು ಆಡುತ್ತಿದ್ದಳೆಂದು ಈಗ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು.

"ಏನೋ ಹೇಳೋಕೆ ಹೊರಟಿದ್ರಿ," ಅಂದರು ಇನ್ಸ್‌ಪೆಕ್ಟರ್.

ಭೂತಗನ್ನಡಿ ಕಡ್ಡಿಯನ್ನು ನೋಡಿದ. ಯಾವಾಗ ಎಂದೊಂದು ಮಾತು ಹೇಳಿದರೆ ಸಾಕು, ಅಕ್ಕ ಹೊರಗೆ. ಆದರೆ ಅಕ್ಕ ಅಲ್ಲವೆಂದ ಮರುಗಳಿಗೆ ಉಳಿಯುವವರು ಯಾರು? ಈ ಹೆಂಗಸು ಎಣಿಸಿ ಹೇಳಿಯಾಗಿತ್ತು, ಮನೆಯಲ್ಲಿದ್ದವರು ಮೂರೇ ಜನ. ಅಮ್ಮನನ್ನು ಬಿಡಿಸಿ ಆ ಬಾಗಿಲಿನಲ್ಲೇ ಮಗಳನ್ನು ಒಳಗೆ ತಳ್ಳಿದರೆ, ಅಕ್ಕ ಹೊರಗೆ ಬಂದು ಇವನ ಮುಖಕ್ಕೆ ಉಗಿಯುತ್ತಾಳೆಯೇ ಹೊರತು ಹರಸುವುದಿಲ್ಲ. ಹೇಳದಿದ್ದರೆ ಎರಡು ಮೂರು ದಿನದಲ್ಲಿ ಪಾಲಿಷ್ ಒಣಗಿ ಕಲ್ಲಾಗುತ್ತದೆ. ಆಮೇಲೆ ಇವನು ಎದೆ ಬಡಿದುಕೊಂಡು ಹೇಳಿದರೂ ನಂಬುವವರಿಲ್ಲ. ಬಿಸಿತುಪ್ಪ ಗಂಟಲಿಗೆ ಸಿಕ್ಕಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಹುಡುಗಿ ಮೂಲೆಯಿಂದ ಬಂದು ಅವನ ಮುಂದೆ ನೀರಿನ ಲೋಟ ಇಟ್ಟಳು. "ಕುಡಿ ಮಾಮ. ಬೆವರ್ತಿದೀಯ."

ಲೋಟವನ್ನು ಎಡಗೈಯಲ್ಲಿ ಇಟ್ಟಳು. ಅಂಚು ನೀಲಿಯಾದ ಎಡಗೈ.

ಈ ಹುಡುಗಿ ತನ್ನ ಅಪ್ಪನನ್ನೇ... ಛೆ. ಇರಲಾರದು. ಯಾರಾದರೂ ಹೆದರಿಸಿ ಕೆತ್ತಿಸಿರಬಹುದು. ಏನು ಕೆತ್ತುತ್ತಿದ್ದೇನೆಂದೇ ಅವಳಿಗೆ ಗೊತ್ತಿರಲಿಕ್ಕಿಲ್ಲ. ಬಾಲ ಎಡಕ್ಕೆ ಏಳುವ ಇನ್ನೊಂದು ಕೈ ಎಲ್ಲೋ ಇರಬಹುದು. ಭೂತಗನ್ನಡಿ ಒಂದೊಂದಾಗಿ ಸಮಾಧಾನ ಹುಡುಕಿಕೊಂಡ. ಯಾವುದನ್ನು ಮುಟ್ಟಿದರೂ ಅದು ಮುರಿದುಬಿತ್ತು.

"ಹೇಳಿ ಸಾರ್. ಯಾರು? ಯಾವಾಗ?"

ಅವನು ಕಡ್ಡಿಯ ತುದಿಯನ್ನು ಕೈಗವಸಿನ ಬಟ್ಟೆಗೆ ಒರೆಸಿ, ಕೈಗವಸನ್ನು ಕಳಚಿ, ಮಡಿಚಿ ಜೇಬಿಗೆ ಹಾಕಿಕೊಂಡ.

"ಗೊತ್ತಾಗ್ತಿಲ್ಲ ಮೇಡಂ."

ಇಪ್ಪತ್ತೆರಡು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತು ಅವನು ಹೇಳಿದ ಮೊದಲ ಸುಳ್ಳು ಅದು. ಗೋಡೆಗೆ ಒರಗಿದ್ದ ಯಜಮಾನರು ಕೂಡ ಆಶ್ಚರ್ಯದಿಂದ ತಲೆ ಎತ್ತಿದರು.

"ಯಾವಾಗ ಅನ್ನೋದೂ?"

"ಇಲ್ಲ. ತಿಂಗಳಾಗಿರಬಹುದು, ವರ್ಷ ಆಗಿರಬಹುದು. ಹೇಳೋಕಾಗಲ್ಲ."

ಇನ್ಸ್‌ಪೆಕ್ಟರ್ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪದಕಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ, ಬೆಳ್ಳಿಯದರ ಮೇಲೆ ಚೀಟಿ ಅಂಟಿಸಿ, ರಟ್ಟಿನ ಪೆಟ್ಟಿಗೆಯ ಮುಚ್ಚಳ ಹಾಕಿದರು.

"ಸರಿ. ನಿಮಗೆ ಗೊತ್ತಾಗದಿದ್ರೆ ಗೊತ್ತಾಗೋರ ಹತ್ರ ತಗೊಂಡು ಹೋಗ್ತೀನಿ."

"ಯಾರ ಹತ್ರ?"

"ನಿಮ್ಮಕ್ಕನ ಹತ್ರ. ಕೆತ್ತನೆ ಅವರ ಕೈಕಸುಬಲ್ವಾ? ಈಗ್ಲೇ ಹೋಗಿ ಗಾಜು ಕೊಟ್ಟು ಕೇಳ್ತೀನಿ, ಇದು ಯಾರ ಕೈದಮ್ಮ ಅಂತ."

ಭೂತಗನ್ನಡಿ ಕುರ್ಚಿಯಿಂದ ಅರ್ಧ ಎದ್ದ. ಅಕ್ಕನಿಗೆ ಗಾಜೂ ಬೇಕಿರಲಿಲ್ಲ. ಉಗುರು ಆಡಿಸಿದರೆ ಸಾಕು, ಮಗಳ ಕೈ ಅವಳಿಗೆ ಸಿಕ್ಕುತ್ತಿತ್ತು. ಸಿಕ್ಕಿದೊಡನೆ ಅವಳು ಏನು ಹೇಳುತ್ತಾಳೆಂದೂ ಅವನಿಗೆ ಗೊತ್ತಿತ್ತು. ಹನ್ನೆರಡು ದಿನದ ಒಂದು ಮಾತಿಗೆ ಎರಡನೆಯ ಮಾತು ಸೇರಿಸುತ್ತಾಳೆ: ನಾನೇ ಕೆತ್ತಿದ್ದು. ಅಷ್ಟಾದರೆ ನಾಳೆ ಹತ್ತು ಗಂಟೆಗೆ ನ್ಯಾಯಾಧೀಶರಿಗೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

"ಮೇಡಂ, ಇವತ್ತು ಬೇಡ. ಅವಳಿಗೆ ತೋರಿಸ್ಬೇಡಿ."

"ಯಾಕೆ?"

ಅವನು ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟ. ಇನ್ಸ್‌ಪೆಕ್ಟರ್ ಆ ಕೈಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಪೆಟ್ಟಿಗೆಯನ್ನು ಕಂಕುಳಿಗೇರಿಸಿ ಹೊರಟರು. ಯಜಮಾನರು ಅವರ ಹಿಂದೆಯೇ ಸಭಾಂಗಣಕ್ಕೆ ಓಡಿದರು. ಸ್ವಲ್ಪದರಲ್ಲೇ ಆಚೆಯಿಂದ "ಲಾಟ್ ನಲವತ್ತೆಂಟು" ಎಂದು ಕೂಗಿದ್ದು ಕೇಳಿಸಿತು.

ಕೋಣೆಯಲ್ಲಿ ಮಾಮ ಮತ್ತು ಸೋದರಸೊಸೆ ಇಬ್ಬರೇ ಉಳಿದರು.

ಭೂತಗನ್ನಡಿ ಮೇಜಿನ ದೀಪ ಆರಿಸಿದ. ಹುಡುಗಿ ಹತ್ತಿರ ಬಂದು ಅವನ ತೋಳು ಹಿಡಿದು ಎತ್ತಿದಳು. ಹೆಬ್ಬೆರಳಿನ ಬಟ್ಟೆ ಅವನ ಮಣಿಕಟ್ಟಿಗೆ ಒರಟಾಗಿ ತಾಗಿತು. ಅವಳ ಮುಖದಲ್ಲಿ ಸಭಾಂಗಣದಲ್ಲಿದ್ದ ಗಾಬರಿ ಈಗ ಇರಲಿಲ್ಲ.

ಅಮ್ಮನನ್ನು ಬಿಡಿಸುವ ಕೊನೆಯ ದಾರಿ ಮುಚ್ಚಿಹೋಯಿತಲ್ಲ ಎಂದು ಅವಳು ಅಳಬೇಕಿತ್ತು. ಮಾಮನ ಮೇಲೆ ಕೂಗಾಡಬೇಕಿತ್ತು. ಅವನು ಅದನ್ನೇ ಕಾದ, ಮನಸ್ಸಿನಲ್ಲೇ ಕೈ ಮುಗಿದು ಬೇಡಿಕೊಂಡ.

ಅವಳು ಅವನ ಜೇಬಿಗೆ ಕೈಹಾಕಿ, ಪಾಲಿಷ್ ಮೆತ್ತಿದ ಆ ಬಿಳಿ ಕೈಗವಸನ್ನು ತೆಗೆದು, ತನ್ನ ಚೀಲದೊಳಗೆ ಇಟ್ಟುಕೊಂಡಳು.

"ಥ್ಯಾಂಕ್ಸ್ ಮಾಮ," ಅಂದಳು.